ಮೊದಲ ಸಪ್ರೆಸರ್: .308 ಬೋಲ್ಟ್ ರೈಫಲ್‌ಗೆ ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು?

ಪ್ರಶ್ನೆ: ಹಿಲ್ ಕಂಟ್ರಿ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸಿನ ಹಿಲ್ ಕಂಟ್ರಿಯಲ್ಲಿ ಕುಟುಂಬದೊಡನೆ ವಾಸವಾಗಿದ್ದೇನೆ, ಗ್ರೀನ್ ಕಾರ್ಡ್ ಇದೆ. ನನ್ನಲ್ಲಿರುವುದು .308 ವಿಂಚೆಸ್ಟರ್ ತೋಟೆಯ ಒಂದು ಬೋಲ್ಟ್ ರೈಫಲ್; ಅದರ ನಳಿಗೆ 18 ಅಂಗುಲ ಉದ್ದವಿದ್ದು, ತುದಿಗೆ ಕಾರ್ಖಾನೆಯಲ್ಲೇ 5/8-24 ಥ್ರೆಡ್ (5/8 ಅಂಗುಲ ವ್ಯಾಸ, ಅಂಗುಲಕ್ಕೆ 24 ತಿರುಪಿನ ಎಳೆ) ಹಾಕಿ ಕೊಟ್ಟಿದ್ದಾರೆ. ಗುರಿ ಅಭ್ಯಾಸಕ್ಕೆಂದು 1/2-28 ಥ್ರೆಡ್ ಇರುವ ಒಂದು .22 ರೈಫಲ್ ಕೂಡ ಇದೆ. ಪರಿಚಿತರೊಬ್ಬರ ರ‍್ಯಾಂಚ್‌ನಲ್ಲಿ ಕಾಡುಹಂದಿಗಳ ಕಾಟ ವಿಪರೀತವಾಗಿದ್ದು, ಅವುಗಳನ್ನು ಹೊಡೆಯಲು ಅವರು ನನಗೆ ಅನುಮತಿ ಕೊಟ್ಟಿದ್ದಾರೆ. ಹೊಂಚು ಕಾಯುವಾಗ ಕಿವಿಗೆ ಮುಚ್ಚಳ ಹಾಕಿಕೊಂಡರೆ ಸುತ್ತಲಿನ ಸದ್ದು ಕೇಳಿಸುವುದಿಲ್ಲ, ಹಾಕಿಕೊಳ್ಳದೆ ಒಂದು ಈಡು ಹಾರಿಸಿದರೂ ಕಿವಿ ಗುಂಯ್‌ಗುಡುತ್ತದೆ. ನನ್ನ ಪತ್ನಿಯೂ ಇತ್ತೀಚೆಗೆ ಗುರಿ ಅಭ್ಯಾಸ ಆರಂಭಿಸಿದ್ದಾರೆ. ಅವರ ಕಿವಿಯ ಬಗ್ಗೆಯೂ ನನಗೆ ಚಿಂತೆ ಇದೆ.

2026ರಿಂದ ತೆರಿಗೆ ಇಲ್ಲವೆಂದು ತಿಳಿದ ಮೇಲೆ, ನಳಿಗೆಯ ತುದಿಗೆ ಕೂರಿಸಿ ಸದ್ದು ತಗ್ಗಿಸುವ ಸಪ್ರೆಸರ್ ಕೊಳ್ಳುವ ಮನಸ್ಸಾಗಿದೆ. ಆದರೆ ಅಂಗಡಿಯಲ್ಲಿ ಕೇಳಿದಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಡೆಸಿಬೆಲ್ ಲೆಕ್ಕ ಹೇಳುತ್ತಾರೆ. ಒಂದೇ ಸಪ್ರೆಸರ್ ಎರಡೂ ರೈಫಲ್‌ಗಳಿಗೆ ಆಗುತ್ತದೆಯೇ, ನೇರವಾಗಿ ಥ್ರೆಡ್‌ಗೆ ತಿರುಗಿಸುವುದು ಒಳ್ಳೆಯದೋ ಅಥವಾ ಬೇಗ ಕಳಚುವಂಥ ಮೌಂಟ್ ಒಳ್ಳೆಯದೋ, ಕೂರಿಸಿದ್ದು ನಳಿಗೆಯ ನೇರಕ್ಕೇ ಇದೆ ಎಂದು ಮೊದಲ ಗುಂಡು ಹಾರಿಸುವ ಮುನ್ನವೇ ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಯಲುಸೀಮೆ, ಡಲ್ಲಾಸ್

ಡೆಸಿಬೆಲ್ ಲೆಕ್ಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೊಸದಾಗಿ ಕೊಳ್ಳುವವರು ಹೆಚ್ಚಾಗಿ ದಾರಿ ತಪ್ಪುವುದು ಅಲ್ಲಿಯೇ. .308 ರೈಫಲ್‌ನ ಸದ್ದು ಸುಮಾರು 165ರಿಂದ 170 ಡೆಸಿಬೆಲ್ ಇರುತ್ತದೆ. ಸ್ಫೋಟದಂಥ ಹಠಾತ್ ಸದ್ದಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಇಟ್ಟಿರುವ ಗಡಿ 140. ಒಳ್ಳೆಯ ಸಪ್ರೆಸರ್ ಒಂದು ಈ ರೈಫಲ್‌ನ ಸದ್ದನ್ನು ಸುಮಾರು 25ರಿಂದ 35 ಡೆಸಿಬೆಲ್‌ನಷ್ಟು ಇಳಿಸಬಲ್ಲುದು. ಅಂದರೆ ನೀವು 140ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತೀರಿ. ಈ ಅಳತೆಯಲ್ಲಿ 20 ಡೆಸಿಬೆಲ್ ಇಳಿದರೆ ಶಬ್ದದ ಒತ್ತಡ ಹತ್ತರಲ್ಲಿ ಒಂದು ಪಾಲಾಗುತ್ತದೆ, ಹಾಗಾಗಿ ಇಳಿಕೆ ನಿಜಕ್ಕೂ ದೊಡ್ಡದೇ. ಆದರೂ ಸಿನಿಮಾಗಳಲ್ಲಿ ತೋರಿಸುವ ಪಿಸುಮಾತಿನ ಸದ್ದನ್ನು ನಿರೀಕ್ಷಿಸಬೇಡಿ. ಸಪ್ರೆಸರ್ ತಡೆಯುವುದು ನಳಿಗೆಯ ಬಾಯಿಂದ ಹೊರನುಗ್ಗುವ ಅನಿಲದ ಅಬ್ಬರವನ್ನು ಮಾತ್ರ. ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೋಗುತ್ತಿರುವಾಗ, ಶಬ್ದದ ವೇಗ ಸುಮಾರು 340 ಮೀಟರ್ ಮಾತ್ರ ಇರುವುದರಿಂದ, ದಾರಿಯುದ್ದಕ್ಕೂ ಗಾಳಿಯನ್ನು ಸೀಳುವ ಚಟೀರ್ ಎಂಬ ಸದ್ದು ಉಳಿದೇ ಇರುತ್ತದೆ. ಅದನ್ನು ಯಾವ ಕಂಪನಿಯ ಸಪ್ರೆಸರ್ ಕೂಡ ತಡೆಯಲಾರದು. ಆದ್ದರಿಂದ ಗುರಿ ಅಭ್ಯಾಸದ ಹೊತ್ತಿನಲ್ಲಿ ನೀವೂ ನಿಮ್ಮ ಪತ್ನಿಯೂ ಕಿವಿ ರಕ್ಷಣೆಯನ್ನು ಬಿಡಬೇಡಿ. ಬೇಟೆಯಲ್ಲಿ, ಸಣ್ಣ ಸದ್ದನ್ನು ಹಿಗ್ಗಿಸಿ ಕೇಳಿಸಿ ದೊಡ್ಡ ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳು ನಿಮ್ಮ ಇನ್ನೊಂದು ತೊಂದರೆಯನ್ನೂ ನೀಗಿಸುತ್ತವೆ.

ಅಂಗಡಿಯವರು ಹೇಳುವ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿರಲು ಕಾರಣವಿದೆ. ಮೈಕ್ರೊಫೋನನ್ನು ಎಲ್ಲಿ ಇಟ್ಟರು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಸೇನೆಯ ಮಾನದಂಡದ ಪ್ರಕಾರ ನಳಿಗೆಯ ತುದಿಯಿಂದ ಒಂದು ಮೀಟರ್ ಪಕ್ಕಕ್ಕೆ ಇಟ್ಟು ಅಳೆಯುವುದು ಒಂದು ಕ್ರಮ. ಹೊಡೆಯುವವನ ಕಿವಿಯ ಬಳಿ ಅಳೆಯುವುದು ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಇದಲ್ಲದೆ, ತಣ್ಣಗಿರುವ ಸಪ್ರೆಸರ್‌ನ ಒಳಗಿನ ಗಾಳಿಯಲ್ಲಿ ಆಮ್ಲಜನಕ ಇರುವುದರಿಂದ, ಮೊದಲ ಈಡಿನಲ್ಲಿ ಉಳಿದ ಮದ್ದಿನ ಅನಿಲ ಒಳಗೇ ಹೊತ್ತಿಕೊಂಡು ಸದ್ದು ಸ್ವಲ್ಪ ಹೆಚ್ಚಾಗುತ್ತದೆ. ಹಂದಿಯ ಮೇಲೆ ನೀವು ಹಾರಿಸುವುದು ಬಹುತೇಕ ಆ ಮೊದಲ ಈಡನ್ನೇ. ಹಲವು ಈಡುಗಳ ಸರಾಸರಿ ತೆಗೆದು ಮುದ್ರಿಸಿದ ಒಂದೇ ಸಂಖ್ಯೆಯನ್ನು ನಂಬಿ ಕೊಳ್ಳುವುದಕ್ಕಿಂತ, ಪ್ಯೂ ಸೈನ್ಸ್‌ನಂಥ ಸ್ವತಂತ್ರ ಪರೀಕ್ಷಕರು ಕಿವಿಯ ಬಳಿಯ ಮತ್ತು ತುದಿಯ ಬಳಿಯ ಅಳತೆಗಳನ್ನು ಬೇರ್ಪಡಿಸಿ ಪ್ರಕಟಿಸಿರುವುದನ್ನು ಓದಿ ನೋಡಿ.

ಒಂದೇ ಸಪ್ರೆಸರ್ ಎರಡಕ್ಕೂ ಬೇಡ ಎಂಬುದು ನನ್ನ ಸಲಹೆ. .30 ಕ್ಯಾಲಿಬರ್‌ನ ಸಪ್ರೆಸರ್ ಮೂಲಕ ಅದಕ್ಕಿಂತ ಸಣ್ಣ ಗುಂಡನ್ನು ಹಾರಿಸಬಹುದು. ಮುಂದೆ ನೀವು 6.5 ಕ್ರೀಡ್‌ಮೂರ್ ಅಥವಾ .223 ಕೊಂಡರೂ ಅದೇ ಸಾಕಾಗುತ್ತದೆ, ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು ಅಷ್ಟೆ. ಆದರೆ ನಿಮ್ಮ .22 ರೈಫಲ್ ಬಳಸುವ .22 ರಿಮ್‌ಫೈರ್ ತೋಟೆಯ ಮಾತೇ ಬೇರೆ. ಅದರ ಸೀಸದ ಗುಂಡು ಮತ್ತು ಮಸಿ ಒಳಗೆ ಪದರ ಪದರವಾಗಿ ಕಟ್ಟಿಕೊಳ್ಳುತ್ತವೆ, ಬಿಚ್ಚಲಾಗದಂತೆ ಬೆಸುಗೆ ಹಾಕಿದ ದುಬಾರಿ ಸಪ್ರೆಸರ್ ಒಳಗೆ ಅದನ್ನು ಸೇರಿಸಿದರೆ ತೆಗೆಯುವುದು ಕಷ್ಟ.

ಲೋಹದ ವಿಷಯ. ನೀವು ಬೋಲ್ಟ್ ರೈಫಲ್ ಹೊತ್ತು ನಡೆಯುವವರು. ಒಂದೆರಡು ಈಡು ಹಾರಿಸಿ ನಿಲ್ಲಿಸುವವರು. ನಿಮಗೆ ಟೈಟಾನಿಯಂ ಸಾಕು, ಅದೇ ಸರಿ. ಟೈಟಾನಿಯಂನದ್ದು 300ರಿಂದ 400 ಗ್ರಾಂ ತೂಗಿದರೆ, ಉಕ್ಕು ಅಥವಾ ಇಂಕೊನೆಲ್ ಎಂಬ ಶಾಖ ತಾಳುವ ನಿಕ್ಕಲ್ ಮಿಶ್ರಲೋಹದ್ದು 500 ಗ್ರಾಂ ದಾಟುತ್ತದೆ, ಮತ್ತು ಆ ತೂಕವೆಲ್ಲ ನಳಿಗೆಯ ತುದಿಯಲ್ಲಿ ಜೋತು ಬೀಳುತ್ತದೆ. ಇಂಕೊನೆಲ್ ಮತ್ತು ಸ್ಟೆಲೈಟ್‌ನಂಥ ಲೋಹಗಳು ಬೇಕಾಗುವುದು ಗಿಡ್ಡ ನಳಿಗೆಯ ಅರೆ-ಸ್ವಯಂಚಾಲಿತ ರೈಫಲ್‌ಗಳಲ್ಲಿ ಬಿಡುವಿಲ್ಲದೆ ಹೊಡೆಯುವವರಿಗೆ. ಟೈಟಾನಿಯಂ ವಿಪರೀತ ಕಾದಾಗ ಬಲ ಕಳೆದುಕೊಳ್ಳುತ್ತದೆ, ಕಿಡಿಯನ್ನೂ ಉಗುಳುತ್ತದೆ. ಯಾವುದನ್ನೇ ಕೊಂಡರೂ ತಯಾರಕರು ಆ ತೋಟೆಗೆ ಎಷ್ಟು ಅಂಗುಲಕ್ಕಿಂತ ಗಿಡ್ಡ ನಳಿಗೆ ಕೂಡದು ಎಂದು ಬರೆದಿರುತ್ತಾರೆ, ಅದನ್ನು ಓದಿ. ನಿಮ್ಮ 18 ಅಂಗುಲಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸಪ್ರೆಸರ್‌ನ ಉದ್ದ ಏಳು ಅಂಗುಲದ ಸುತ್ತಮುತ್ತ ಇರಲಿ. ಒಂಬತ್ತು ಅಂಗುಲದ್ದು ಇನ್ನಷ್ಟು ಮೆಲ್ಲಗಿರುತ್ತದೆ ನಿಜ, ಆದರೆ ಮೆಸ್ಕೀಟ್ ಪೊದೆಗಳ ನಡುವೆ ರೈಫಲ್ ತಿರುಗಿಸುವಾಗ ಆ ಎರಡು ಅಂಗುಲದ ಬೆಲೆ ಗೊತ್ತಾಗುತ್ತದೆ.

ಉತ್ತರ: ತುಂಗಾತೀರ, ಹ್ಯೂಸ್ಟನ್

ಆಯ್ಕೆಯ ಬಗ್ಗೆ ಮೇಲಿನವರು ವಿವರವಾಗಿ ಹೇಳಿದ್ದಾರೆ. ಕಾನೂನಿನ ಕಡೆಯಿಂದ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಸಪ್ರೆಸರ್‌ಗಳನ್ನು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ನಿಯಂತ್ರಿಸುತ್ತದೆ. ಅಂದಿನಿಂದ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ಸೊನ್ನೆಯಾದದ್ದು ತೆರಿಗೆ ಮಾತ್ರ, ನೋಂದಣಿ ಹಾಗೆಯೇ ಇದೆ. ಡೀಲರ್ ಮೂಲಕ ಫಾರ್ಮ್ 4 ಎಂಬ ವರ್ಗಾವಣೆ ಅರ್ಜಿ ಸಲ್ಲಿಸಬೇಕು, ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು, ಊರಿನ ಪೊಲೀಸ್ ಮುಖ್ಯಾಧಿಕಾರಿಗೆ ಅರ್ಜಿಯ ಪ್ರತಿ ಕಳಿಸಬೇಕು; ಫೆಡರಲ್ ಏಜೆನ್ಸಿಯಾದ ಎಟಿಎಫ್ ಒಪ್ಪಿಗೆ ಕೊಡುವ ತನಕ ಡೀಲರ್ ಅದನ್ನು ನಿಮ್ಮ ಕೈಗೆ ಕೊಡುವಂತಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರಿಕೆ ಬೇಕು. ನಿಮ್ಮೊಬ್ಬರ ಹೆಸರಿನಲ್ಲಿ ನೋಂದಾಯಿಸಿದರೆ ಅದು ನಿಮ್ಮೊಬ್ಬರ ಸ್ವಾಧೀನದಲ್ಲೇ ಇರಬೇಕು. ನೀವು ಪಕ್ಕದಲ್ಲಿರುವಾಗ ನಿಮ್ಮ ಪತ್ನಿ ಅದರಿಂದ ಹಾರಿಸಿದರೆ ತೊಂದರೆಯಿಲ್ಲ. ನೀವು ಊರಿಗೆ ಹೋಗಿರುವಾಗ ಅವರೊಬ್ಬರೇ ಬೀರುವಿನಿಂದ ತೆಗೆದು ರೇಂಜ್‌ಗೆ ಒಯ್ಯುವಂತಿಲ್ಲ. ಇಬ್ಬರೂ ಬಳಸುವ ಯೋಚನೆ ಇದ್ದರೆ ಮೊದಲೇ ಒಂದು ಟ್ರಸ್ಟ್ ಮಾಡಿಸಿ, ಇಬ್ಬರನ್ನೂ ಜವಾಬ್ದಾರಿಯುತ ವ್ಯಕ್ತಿಗಳೆಂದು ಅದರಲ್ಲಿ ಸೇರಿಸಿ, ಇಬ್ಬರ ಬೆರಳಚ್ಚನ್ನೂ ಕೊಡಿ. ಒಪ್ಪಿಗೆ ಬಂದ ಮೇಲೆ ಹೆಸರು ಬದಲಿಸಬೇಕೆಂದರೆ ಮತ್ತೊಂದು ವರ್ಗಾವಣೆಯ ಅರ್ಜಿಯನ್ನೇ ಹಾಕಬೇಕಾಗುತ್ತದೆ.

ಇದನ್ನು ಓದುತ್ತಿರುವ ಎಚ್-1ಬಿ ವೀಸಾದವರಿಗೆ: ನಿಮ್ಮ ಪರಿಸ್ಥಿತಿ ಗ್ರೀನ್ ಕಾರ್ಡ್ ಇರುವವರಂತಲ್ಲ. ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳನ್ನು ಬಿಟ್ಟು. ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನ ಕಾಡುಹಂದಿಗೆ, ಮಾಲೀಕರ ಒಪ್ಪಿಗೆ ಇದ್ದರೆ, ಬೇಟೆ ಲೈಸೆನ್ಸ್ ಬೇಕಿಲ್ಲ ಎಂಬುದನ್ನೇ ನೆಚ್ಚಿ ವೀಸಾದವರು ರೈಫಲ್ ಹಿಡಿಯಬಾರದು. ಅವರ ಪಾಲಿಗೆ ಆ ಲೈಸೆನ್ಸ್ ಬೇಟೆಗಷ್ಟೇ ಅಲ್ಲ, ಕೋವಿ ಮುಟ್ಟುವುದಕ್ಕೇ ಬೇಕಾಗಬಹುದು. ಅಂಥವರು ವಕೀಲರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬಾರದು, ಏಕೆಂದರೆ ಇಲ್ಲಿ ತಪ್ಪಾದರೆ ವಲಸೆಯ ದಾರಿಯೇ ಮುಚ್ಚಿಹೋಗಬಹುದು.

ಕೆಲಸ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆಯನ್ನೂ ಈಗಲೇ ಯೋಚಿಸಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮ್ಯಾಸಚೂಸೆಟ್ಸ್ ಮೊದಲಾದ ಎಂಟು ರಾಜ್ಯಗಳಲ್ಲಿ ಸಾಮಾನ್ಯ ನಾಗರಿಕರು ಸಪ್ರೆಸರ್ ಇಟ್ಟುಕೊಳ್ಳುವಂತಿಲ್ಲ. ನಮ್ಮವರು ಹೆಚ್ಚಾಗಿ ಕೆಲಸಕ್ಕೆ ಹೋಗುವುದು ಇವೇ ರಾಜ್ಯಗಳಿಗೆ. ಅಂಥ ಸಂದರ್ಭ ಬಂದರೆ ಸ್ನೇಹಿತರ ಮನೆಯಲ್ಲಿ ಬಿಟ್ಟುಹೋಗುವುದೂ ಅಪರಾಧವಾಗಬಹುದು. ಭಾರತಕ್ಕೆ ಒಯ್ಯುವ ಮಾತಂತೂ ಬೇಡವೇ ಬೇಡ: ವಿದೇಶಾಂಗ ಇಲಾಖೆಯ ಪರವಾನಗಿಯಿಲ್ಲದೆ ಸಪ್ರೆಸರನ್ನು ಅಮೆರಿಕದಿಂದ ಹೊರಗೆ ಸಾಗಿಸುವುದು ಫೆಡರಲ್ ಅಪರಾಧ.

ಉತ್ತರ: ಪೀಣ್ಯ ಮೂಲ, ಕೊಲರಾಡೊ

ನಾನು ಲೇತ್ ಕೆಲಸದವನು, ಗನ್‌ಸ್ಮಿತ್ ಒಬ್ಬರ ಅಂಗಡಿಗೆ ನಳಿಗೆಗಳಿಗೆ ಥ್ರೆಡ್ ಹಾಕಿಕೊಡುತ್ತೇನೆ. ಕೂರಿಸುವ ವಿಷಯದಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವ ಮಾತೊಂದಿದೆ: ಥ್ರೆಡ್ ಕೂಡಿತೆಂದ ಮಾತ್ರಕ್ಕೆ ಸಪ್ರೆಸರ್ ಹೊಂದಿತೆಂದು ತಿಳಿಯಬೇಡಿ. ನಿಮ್ಮ .22 ರೈಫಲ್‌ನ 1/2-28 ಥ್ರೆಡ್ಡೇ .223 ರೈಫಲ್‌ಗಳಲ್ಲೂ, ಅನೇಕ 9 ಮಿ.ಮೀ. ಪಿಸ್ತೂಲುಗಳಲ್ಲೂ ಇರುತ್ತದೆ. .22 ರಿಮ್‌ಫೈರ್‌ಗೆಂದು ಮಾಡಿದ ಸಪ್ರೆಸರ್ 9 ಮಿ.ಮೀ. ನಳಿಗೆಗೆ ಒಂದಿಷ್ಟೂ ಅಡ್ಡಿಯಿಲ್ಲದೆ ತಿರುಗಿ ಕೂರುತ್ತದೆ, ಮತ್ತು ಹಾರಿಸಿದ ಮೊದಲ ಗುಂಡೇ ಅದನ್ನು ಸೀಳಿಬಿಡುತ್ತದೆ. .223ಕ್ಕೆ ಹಾಕಿದರೆ ಗುಂಡು ತೂರಿ ಹೋದೀತು, ಆದರೆ ಆ ಒತ್ತಡವನ್ನು ರಿಮ್‌ಫೈರ್ ಸಪ್ರೆಸರ್ ತಾಳಿಕೊಳ್ಳುವುದಿಲ್ಲ. ಮನೆಯಲ್ಲಿ ಎರಡು ಮೂರು ಸಪ್ರೆಸರ್ ಸೇರಿದ ಮೇಲೆ ಪ್ರತಿಯೊಂದರ ಕೊಳವೆಯ ಮೇಲೆ ಕೆತ್ತಿರುವ ಕ್ಯಾಲಿಬರನ್ನು ಓದಿಯೇ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಈಗ ನಿಮ್ಮ .308. ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ತುದಿಯ ಥ್ರೆಡ್ ಮುಚ್ಚಳವನ್ನು ಬಿಚ್ಚಿ. ಥ್ರೆಡ್ ಮುಗಿಯುವಲ್ಲಿ ನಳಿಗೆ ಮೆಟ್ಟಿಲಿನಂತೆ ದಪ್ಪವಾಗುವ ಭಾಗವನ್ನು ನಾವು ಭುಜ ಎನ್ನುತ್ತೇವೆ. ಸಪ್ರೆಸರನ್ನು ನೇರವಾಗಿ ಹಿಡಿದಿಡುವುದು ಥ್ರೆಡ್ ಎಂದೇ ಹೆಚ್ಚಿನವರ ಎಣಿಕೆ; ಥ್ರೆಡ್‌ಗಳಲ್ಲಿ ಯಾವಾಗಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ನಿಜವಾಗಿ ನೇರ ಹಿಡಿಯುವುದು ಈ ಭುಜವೇ. ಅದು ನಳಿಗೆಯ ರಂಧ್ರಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿರಬೇಕು, ಅದರ ಮೇಲೆ ಬಣ್ಣದ ಹೆಪ್ಪು, ಲೋಹದ ಚೂರು, ಏಟು ಬಿದ್ದ ಗುರುತು ಯಾವುದೂ ಇರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸಾಲ್ವೆಂಟ್‌ನಿಂದ ಥ್ರೆಡ್ಡನ್ನೂ ಭುಜವನ್ನೂ ತೊಳೆದು ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ನಳಿಗೆಯ ಬಾಯಿಯ ಬೆಂಕಿಯ ಹೊಳಪನ್ನು ತಗ್ಗಿಸುವ ಫ್ಲ್ಯಾಷ್ ಹೈಡರ್‌ಗಳ ಕೆಳಗೆ ಹಾಕುವ, ಬಿಗಿದಾಗ ಅಪ್ಪಚ್ಚಿಯಾಗುವ ಕ್ರಷ್ ವಾಷರನ್ನು ಸಪ್ರೆಸರ್ ಅಥವಾ ಅದರ ಮೌಂಟ್‌ನ ಕೆಳಗೆ ಎಂದಿಗೂ ಹಾಕಬೇಡಿ. ಅದು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಅಪ್ಪಚ್ಚಿಯಾಗುತ್ತದೆ. ಭುಜದಲ್ಲಿ ಕೂದಲೆಳೆಯಷ್ಟು ಓರೆಯಾದದ್ದು ಏಳು ಅಂಗುಲದ ಆಚೆಯ ತುದಿಯಲ್ಲಿ ಗುಂಡು ತಾಗುವಷ್ಟು ಓರೆಯಾಗಿರುತ್ತದೆ.

ಕೈಯಿಂದಲೇ ತಿರುಗಿಸಿ. ಎಲ್ಲಿಯೂ ಕಚ್ಚಿಕೊಳ್ಳದೆ ನುಣುಪಾಗಿ ಹೋಗಿ, ಭುಜಕ್ಕೆ ತಾಗಿದ ಕ್ಷಣ ಗಟ್ಟಿಯಾಗಿ ನಿಲ್ಲಬೇಕು. ಸ್ಪಂಜನ್ನು ಅದುಮಿದಂತೆ ಮೆತ್ತಗೆ ನಿಂತಿತೆಂದರೆ ಅದು ಭುಜವನ್ನು ಮುಟ್ಟಿಲ್ಲ, ಬೇರೆಲ್ಲೋ ತಡೆದಿದೆ. ಬಿಚ್ಚಿ ಕಾರಣ ಹುಡುಕಿ, ಬಲ ಹಾಕಬೇಡಿ. ಸರಿಯಾಗಿ ಕೂತ ಮೇಲೆ ಕೈಯಿಂದ ಬಿಗಿ ಮಾಡಿ, ತಯಾರಕರು ಹೇಳಿದ್ದರೆ ಮಾತ್ರ ಸ್ಪ್ಯಾನರ್ ಬಳಸಿ.

ಇನ್ನು ನೇರ ನೋಡುವ ಕ್ರಮ. .30 ಕ್ಯಾಲಿಬರ್‌ನ ಅಲೈನ್‌ಮೆಂಟ್ ರಾಡ್ ಎಂದು ನಿಖರವಾಗಿ ಉಜ್ಜಿ ನೇರ ಮಾಡಿದ ಉಕ್ಕಿನ ಕಡ್ಡಿ ಸಿಗುತ್ತದೆ. ಸಪ್ರೆಸರ್‌ನ ಬೆಲೆಗೆ ಹೋಲಿಸಿದರೆ ಅದರ ಬೆಲೆ ಏನೇನೂ ಅಲ್ಲ, ದಯವಿಟ್ಟು ಕೊಳ್ಳಿ. ಕೋವಿ ಒರೆಸುವ ರಾಡ್ ಅಥವಾ ಮರದ ಕಡ್ಡಿ ಇದಕ್ಕೆ ಒದಗುವುದಿಲ್ಲ, ಏಕೆಂದರೆ ಅವೇ ಡೊಂಕಾಗಿರುತ್ತವೆ. ಸಪ್ರೆಸರ್ ಕೂರಿಸಿದ ಮೇಲೆ ಅದರ ಮುಂಬಾಯಿಯಿಂದ ಕಡ್ಡಿಯನ್ನು ಮೆಲ್ಲಗೆ ಒಳಗಿಳಿಸಿ. ಅದು ನಳಿಗೆಯ ಒಳಗೆ ಸಾಕಷ್ಟು ಉದ್ದ ಹೋಗಿ ಕೂರಬೇಕು, ಮತ್ತು ಹೊರತುದಿ ಸಪ್ರೆಸರ್‌ನ ಮುಂಬಾಯಿಯ ಮಟ್ಟಕ್ಕೆ ಬರಬೇಕು. ಈಗ ಪಕ್ಕದಿಂದ ಟಾರ್ಚ್ ಬಿಟ್ಟು, ಕಡ್ಡಿಯ ಸುತ್ತ ಕಾಣುವ ಕಪ್ಪು ಉಂಗುರವನ್ನು ನೋಡಿ. ಸಪ್ರೆಸರ್‌ನ ರಂಧ್ರ ಗುಂಡಿಗಿಂತ ಒಟ್ಟಾರೆ ಸುಮಾರು 0.05 ಅಂಗುಲ ಅಗಲ ಇರಬಹುದು, ಅಂದರೆ ಸುತ್ತಲೂ ಅದರ ಅರ್ಧದಷ್ಟು ಜಾಗ. ಉಂಗುರ ಎಲ್ಲ ಕಡೆಯೂ ಒಂದೇ ಅಗಲ ಕಂಡರೆ ಅತ್ಯುತ್ತಮ. ಒಂದು ಬದಿಗೆ ಕೊಂಚ ಸರಿದಿದ್ದು, ಎಲ್ಲಿಯೂ ಮುಟ್ಟದಿದ್ದರೆ ತಯಾರಕರಿಗೆ ಚಿತ್ರ ಕಳಿಸಿ ಕೇಳಿ. ಕಡ್ಡಿ ಅಂಚಿಗೆ ತಾಗಿದ್ದರೆ ಗುಂಡು ಹಾರಿಸಲೇಬೇಡಿ. ರೈಫಲ್ಲನ್ನು ಅಡ್ಡ ಇಟ್ಟು ಒಮ್ಮೆ, ನೆಟ್ಟಗೆ ನಿಲ್ಲಿಸಿ ಒಮ್ಮೆ ನೋಡುವುದು ಒಳ್ಳೆಯದು. ಕಡ್ಡಿ ತನ್ನ ತೂಕಕ್ಕೆ ಕೆಳಗೆ ವಾಲಿದ್ದನ್ನು ಸಪ್ರೆಸರ್ ವಾಲಿದೆ ಎಂದು ತಪ್ಪು ತಿಳಿಯುವುದು ಇದರಿಂದ ತಪ್ಪುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದ ಇಣುಕಿ ನೋಡಿದರೆ ಸಾಕೆನ್ನುವವರಿದ್ದಾರೆ. ಹಾಗೆ ನೋಡಿದರೆ ತೀರಾ ಓರೆಯಾದದ್ದು ಮಾತ್ರ ಕಾಣುತ್ತದೆ.

ನೇರ ಥ್ರೆಡ್ಡೋ ಬೇಗ ಕಳಚುವ ಮೌಂಟೋ ಎಂದು ಕೇಳಿದ್ದೀರಿ. ಒಂದೇ ರೈಫಲ್‌ನಲ್ಲಿ ಇಟ್ಟುಬಿಡುವುದಾದರೆ ನಾನು ನೇರ ಥ್ರೆಡ್ಡಿಗೇ ಮತ ಹಾಕುತ್ತೇನೆ. ಹಗುರ, ಅಗ್ಗ, ಮತ್ತು ನೇರ ತಪ್ಪುವ ಕೀಲುಗಳು ಕಡಿಮೆ. ಅದರ ದೋಷವೆಂದರೆ ಕಾದ ಮೇಲೆ ತಾನಾಗಿಯೇ ಸಡಿಲವಾಗಬಹುದು. ಕೆಲವು ಈಡುಗಳಿಗೊಮ್ಮೆ ಬೋಲ್ಟ್ ತೆರೆದು, ಬಾಯಿಯನ್ನು ಗುರಿಯ ದಿಕ್ಕಿಗೇ ಇಟ್ಟು, ಶಾಖ ತಡೆಯುವ ಕೈಗವಸು ಹಾಕಿ ಬಿಗಿ ಇದೆಯೇ ಎಂದು ನೋಡಿ. ಮುಂದೆ ಬೇರೆ ರೈಫಲ್ ಕೊಳ್ಳುವ ಆಸೆ ಇದ್ದರೆ, ಹಿಂಬದಿಯಲ್ಲಿ 1.375-24 ಥ್ರೆಡ್ ಇರುವ, ಈಗ ಅನೇಕ ಕಂಪನಿಗಳು ಅನುಸರಿಸುತ್ತಿರುವ ಹಬ್ ಮಾದರಿಯದನ್ನು ಕೊಳ್ಳಿ. ಇಂದು ನೇರ ಥ್ರೆಡ್‌ನ ತಳ ಹಾಕಿಕೊಂಡು, ನಾಳೆ ಬೇಕೆಂದಾಗ ತಳವನ್ನಷ್ಟೇ ಬದಲಿಸಬಹುದು. ಮೌಂಟನ್ನು ನಳಿಗೆಗೆ ಕಾಯಂ ಕೂರಿಸುವಾಗ ರಾಕ್‌ಸೆಟ್ ಎಂಬ ಅಂಟನ್ನು ಬಳಸುತ್ತಾರೆ. ಅದು ಸಪ್ರೆಸರ್‌ನ ಶಾಖವನ್ನು ತಡೆದುಕೊಳ್ಳುತ್ತದೆ, ಬಿಚ್ಚಬೇಕಾದಾಗ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಮಾಮೂಲಿ ಲಾಕ್‌ಟೈಟ್ ಆ ಶಾಖಕ್ಕೆ ಕರಗಿ ಹೋಗುತ್ತದೆ.

ಕಡೆಯದಾಗಿ, ಗುರಿ ಬದಲಾಗುತ್ತದೆ. ತುದಿಗೆ ಅರ್ಧ ಕಿಲೋದಷ್ಟು ತೂಕ ಸೇರಿದಾಗ ನಳಿಗೆ ಅದುರುವ ರೀತಿಯೇ ಬೇರೆಯಾಗಿ, ಗುಂಡು ಬೀಳುವ ಜಾಗ ಹೆಚ್ಚಾಗಿ ಕೆಳಕ್ಕೆ ಸರಿಯುತ್ತದೆ. ಸಪ್ರೆಸರ್ ಹಾಕಿ ಒಂದೇ ಗುರಿಗೆ ಕೆಲವು ಈಡುಗಳ ಒಂದು ಗುಂಪು ಹೊಡೆಯಿರಿ, ತಣ್ಣಗಾದ ಮೇಲೆ ಬಿಚ್ಚಿ ಮತ್ತೆ ಹಾಕಿ ಇನ್ನೊಂದು ಗುಂಪು ಹೊಡೆಯಿರಿ. ಎರಡೂ ಒಂದೇ ಜಾಗದಲ್ಲಿ ಬಿದ್ದರೆ, ಎಷ್ಟೇ ಸರಿದಿದ್ದರೂ ಚಿಂತೆಯಿಲ್ಲ, ಸ್ಕೋಪನ್ನು ಅದಕ್ಕೇ ಹೊಂದಿಸಿಕೊಳ್ಳಿ. ಪ್ರತಿ ಸಲವೂ ಬೇರೆ ಕಡೆ ಬಿದ್ದರೆ ಭುಜವನ್ನು ಇನ್ನೊಮ್ಮೆ ಪರೀಕ್ಷಿಸಿ.

ಮರುಪ್ರಶ್ನೆ: ಹಿಲ್ ಕಂಟ್ರಿ ವಾಸಿ

ಮೂವರಿಗೂ ಕೃತಜ್ಞತೆಗಳು. ಹಬ್ ಮಾದರಿಯ, ಏಳು ಅಂಗುಲದ ಟೈಟಾನಿಯಂ ಸಪ್ರೆಸರ್ ಒಂದನ್ನು .308ಕ್ಕೆ ಕೊಂಡು, ಟ್ರಸ್ಟ್ ಹೆಸರಿನಲ್ಲಿ ನೋಂದಾಯಿಸಲು ನಿರ್ಧರಿಸಿದ್ದೇವೆ. .22ಕ್ಕೆ ಬೇರೆಯದನ್ನೇ ತೆಗೆದುಕೊಳ್ಳುವುದಾದರೆ ಅದನ್ನು ಶುಚಿ ಮಾಡುವುದು ಹೇಗೆ? ಸಾಲ್ವೆಂಟ್ ಟ್ರ್ಯಾಪ್ (ಕೋವಿ ತೊಳೆದ ದ್ರವ ಹಿಡಿಯುವ ಸಾಧನ) ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಕೊಳವೆಗಳ ಬಗ್ಗೆಯೂ ಒಬ್ಬರು ಹೇಳಿದರು.

ಉತ್ತರ: ಪೀಣ್ಯ ಮೂಲ, ಕೊಲರಾಡೊ

ಆ ಕೊಳವೆಗಳ ಹತ್ತಿರ ಸುಳಿಯಬೇಡಿ ಸಾರ್. ಎಟಿಎಫ್‌ನ ಮುಂಗಡ ಒಪ್ಪಿಗೆ ಇಲ್ಲದೆ ಅವುಗಳಿಂದ ಸಪ್ರೆಸರ್ ಮಾಡಿದರೆ ಅದು ಫೆಡರಲ್ ಅಪರಾಧ, ಮತ್ತು ಅಂಥವನ್ನು ತರಿಸಿಕೊಂಡವರನ್ನು ಅಧಿಕಾರಿಗಳು ವಿಚಾರಿಸಿರುವುದೂ ಉಂಟು. ಗ್ರೀನ್ ಕಾರ್ಡ್ ಇರುವವರು ಆ ಗೋಜಿಗೆ ಹೋಗಲೇಬಾರದು.

.22ಕ್ಕೆ ಬಳಕೆದಾರರೇ ಬಿಚ್ಚಿ ತೊಳೆಯಬಹುದಾದ ಮಾದರಿಯನ್ನು ಕೇಳಿ ತೆಗೆದುಕೊಳ್ಳಿ. ಒಳಗಿನ ಬ್ಯಾಫಲ್‌ಗಳು, ಅಂದರೆ ಅನಿಲವನ್ನು ತಡೆಯುವ ಅಡ್ಡ ತಟ್ಟೆಗಳು, ಸ್ಟೇನ್‌ಲೆಸ್ ಉಕ್ಕಿನವಾದರೆ ಒಳ್ಳೆಯದು. ಕೆಲವು ನೂರು ಈಡುಗಳಾದ ಮೇಲೆ ಬಿಚ್ಚಿ, ಸೀಸದ ಹೆಪ್ಪನ್ನು ಒದ್ದೆ ಇರುವಾಗಲೇ ಕೆರೆದು ತೆಗೆಯಿರಿ, ಒಣ ಪುಡಿ ಗಾಳಿಗೆ ಏಳಬಾರದು. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಸಿಂಕ್ ಬಳಸಬೇಡಿ, ಮಕ್ಕಳನ್ನು ದೂರ ಇಡಿ. ವಿನಿಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ದ್ರವದಲ್ಲಿ ಅದ್ದಿದರೆ ಸೀಸವೆಲ್ಲ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕರಗುವುದು ನಿಜ, ಆದರೆ ಹಾಗೆ ಕರಗಿ ಉಳಿಯುವುದು ಚರ್ಮದ ಮೂಲಕವೂ ಮೈಗೆ ಸೇರಬಲ್ಲ ಲೆಡ್ ಅಸಿಟೇಟ್, ಅದನ್ನು ಮೋರಿಗೆ ಚೆಲ್ಲುವಂತೆಯೂ ಇಲ್ಲ. ಶಬ್ದಕ್ಕಿಂತ ನಿಧಾನವಾಗಿ ಹೋಗುವ ಸಬ್‌ಸಾನಿಕ್ ತೋಟೆಯನ್ನು ಅದರಲ್ಲಿ ಬಳಸಿ. ಗಾಳಿ ಸೀಳುವ ಸದ್ದು ಇಲ್ಲದಿರುವುದರಿಂದ ಗುಂಡು ಗುರಿಗೆ ತಾಗಿದ ಸದ್ದೇ ನಿಮಗೆ ಎದ್ದು ಕೇಳಿಸುತ್ತದೆ, ನಿಮ್ಮ ಪತ್ನಿಯವರು ಬೆಚ್ಚದೆ ಟ್ರಿಗರ್ ಎಳೆಯುವುದನ್ನು ಕಲಿಯಲು ಆ ರೈಫಲ್ಲೇ ಹೆಚ್ಚು ಅನುಕೂಲ.